ಹುಲ್ಲಿನೊಳಗಿನ ಹುಲ್ಲನ್ನು ಹುಡುಕಿ ಕೊಂದ ಕಥೆ

2024ರ ಆಗಸ್ಟ್ 6ರಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಒಂದು ತುರ್ತು ಆದೇಶ ಹೊರಡಿಸಿತು. ಡಿಸಿಪಿಎ ಎಂಬ ಕಳೆನಾಶಕವನ್ನು ಅಂದಿನಿಂದಲೇ ಯಾರೂ ಮಾರಬಾರದು, ಬಳಸಬಾರದು ಎಂಬುದು ಅದರ ಸಾರ. ಇಂಥ ತುರ್ತು ಅಧಿಕಾರವನ್ನು ಆ ಸಂಸ್ಥೆ ಬಳಸಿ ಸುಮಾರು ನಲವತ್ತು ವರ್ಷಗಳೇ ಆಗಿದ್ದವು. ಕಾರಣವೂ ಸಣ್ಣದಲ್ಲ. ಗರ್ಭಿಣಿಯ ದೇಹಕ್ಕೆ ಈ ರಾಸಾಯನಿಕ ಸೇರಿದರೆ ಹೊಟ್ಟೆಯಲ್ಲಿರುವ ಮಗುವಿನ ಥೈರಾಯ್ಡ್ ಹಾರ್ಮೋನಿನ ಮಟ್ಟ ಏರುಪೇರಾಗಬಹುದು. ಅದರಿಂದ ಕಡಿಮೆ ತೂಕದ ಹುಟ್ಟು, ಮಿದುಳಿನ ಬೆಳವಣಿಗೆಗೆ ತೊಡಕು, ಬುದ್ಧಿಮಟ್ಟದ ಕುಸಿತ ಉಂಟಾಗಬಹುದು ಎಂದು ಸಂಸ್ಥೆ ಹೇಳಿತು.

ಡ್ಯಾಕ್ತಾಲ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಈ ಪುಡಿಯನ್ನು ಈಚೆಗೆ ಕೋಸು, ಬ್ರೊಕೊಲಿ, ಈರುಳ್ಳಿಯ ಹೊಲಗಳಿಗೆ ಹಾಕುತ್ತಿದ್ದರು. ಆದರೆ 1958ರಲ್ಲಿ ಅದು ಮೊದಲು ನೋಂದಣಿಯಾದದ್ದು ತರಕಾರಿಗಾಗಿ ಅಲ್ಲ, ಹುಲ್ಲುಹಾಸಿಗಾಗಿ. ಮನೆ ಮುಂದಿನ ಹುಲ್ಲಿನಲ್ಲಿ ಹುಟ್ಟುವ ‘ಬೇಡದ ಹುಲ್ಲ’ನ್ನು ಮೊಳಕೆಯಲ್ಲೇ ಮುಗಿಸುವುದು ಅದರ ಕೆಲಸ.

ನಾನು ತುಮಕೂರು ಸೀಮೆಯವನು, ಈಗ ಪುಣೆಯಲ್ಲಿರುತ್ತೇನೆ. ಆ ಸುದ್ದಿ ಓದಿದಾಗ ನನಗೆ ತಟ್ಟಿದ್ದು ರಾಸಾಯನಿಕಕ್ಕಿಂತ ಹೆಚ್ಚಾಗಿ ಅದರ ಉದ್ದೇಶ. ಹುಲ್ಲಿನ ನಡುವೆ ಹುಲ್ಲು ಬೆಳೆದರೆ ಏನು ತೊಂದರೆ? ಆ ತೊಂದರೆಗೆ ಇಷ್ಟು ದೊಡ್ಡ ಬೆಲೆ ತೆರುವ ಹಂತಕ್ಕೆ ಒಂದು ದೇಶ ಹೇಗೆ ಬಂತು? ಇದನ್ನು ಹುಡುಕುತ್ತ ಹೋದಾಗ ಸಿಕ್ಕಿದ ಚರಿತ್ರೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಹುಲ್ಲುಹಾಸು ಮೊದಲಿಗೆ ಇಂಗ್ಲೆಂಡಿನ ಶ್ರೀಮಂತರ ಸೊತ್ತು. ಅದನ್ನು ಮೇಯಿಸಲು ಕುರಿ ಬೇಕು, ಇಲ್ಲವೇ ಕುಡುಗೋಲು ಹಿಡಿದ ಆಳುಗಳು ಬೇಕು. 1830ರಲ್ಲಿ ಗ್ಲಾಸ್ಟರ್‌ಶೈರಿನ ಸ್ಟ್ರೌಡ್ ಎಂಬಲ್ಲಿ ಎಡ್ವಿನ್ ಬಡ್ಡಿಂಗ್ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಉಣ್ಣೆ ಬಟ್ಟೆಯ ಮೇಲಿನ ನವಿರನ್ನು ಸಮವಾಗಿ ಕತ್ತರಿಸುವ ಗಿರಣಿ ಯಂತ್ರವೇ ಅವನಿಗೆ ಮಾದರಿ. ಬಟ್ಟೆಯಂತೆ ನುಣುಪಾದ ನೆಲ ಎಂಬ ಕಲ್ಪನೆ ಅಲ್ಲಿಂದ ಮಧ್ಯಮ ವರ್ಗದ ಕೈಗೆಟುಕಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ನ್ಯೂಯಾರ್ಕ್ ಬಳಿ ಲೆವಿಟ್‌ಟೌನ್ ಎಂಬ ಬಡಾವಣೆ ಕಟ್ಟಲು ಶುರುಮಾಡಿದರು. ಒಂದೇ ಅಚ್ಚಿನ ಸಾವಿರಾರು ಮನೆಗಳು, ಪ್ರತಿ ಮನೆಯ ಮುಂದೆ ಹುಲ್ಲು. ವಾರಕ್ಕೊಮ್ಮೆ ಅದನ್ನು ಕತ್ತರಿಸಬೇಕೆಂಬುದು ಮನೆ ಕೊಂಡವರಿಗೆ ಹಾಕಿದ ಷರತ್ತುಗಳಲ್ಲಿ ಒಂದು. ನಮ್ಮ ಹೌಸಿಂಗ್ ಸೊಸೈಟಿಗಳ ನಿಯಮಪುಸ್ತಕ ಓದಿದವರಿಗೆ ಇದೇನೂ ಹೊಸದೆನಿಸದು.

ಆದರೆ ಆ ಕಾಲದ ಹುಲ್ಲುಹಾಸು ಒಂದೇ ಜಾತಿಯ ಹುಲ್ಲಾಗಿರಲಿಲ್ಲ. ಬೀಜದ ಪೊಟ್ಟಣದಲ್ಲೇ ಬಿಳಿ ಕ್ಲೋವರ್ ಬೆರೆಸಿ ಮಾರುತ್ತಿದ್ದರು. ನಮ್ಮ ಹುರುಳಿ, ಅಲಸಂದೆಯಂತೆ ಕ್ಲೋವರ್ ಕೂಡ ದ್ವಿದಳ ಕುಟುಂಬದ್ದು. ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಟ್ಟು ಪಕ್ಕದ ಹುಲ್ಲಿಗೂ ಒದಗಿಸುವಂಥದ್ದು. ರಾಗಿಯೊಳಗೆ ಅಕ್ಕಡಿ ಸಾಲು ಬಿಡುವ ನಮ್ಮ ರೈತರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು.

ಈ ಲೆಕ್ಕ ತಪ್ಪಿಸಿದ್ದು ಯುದ್ಧಕಾಲದ ಒಂದು ಸಂಶೋಧನೆ. ಗಿಡಗಳ ಬೆಳವಣಿಗೆಯನ್ನು ನಡೆಸುವ ಆಕ್ಸಿನ್ ಎಂಬ ಹಾರ್ಮೋನಿನ ಸುಳಿವು 1920ರ ದಶಕದಲ್ಲೇ ಸಿಕ್ಕಿತ್ತು. ಅದನ್ನು ಹೋಲುವ ಕೃತಕ ವಸ್ತುವನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಗಿಡ ಅಡ್ಡಾದಿಡ್ಡಿ ಬೆಳೆದು, ಸುರುಟಿ, ಸತ್ತುಹೋಗುತ್ತದೆ. ಇಂಗ್ಲೆಂಡ್ ಮತ್ತು ಅಮೆರಿಕ ಎರಡೂ ಕಡೆ ಯುದ್ಧದ ಗುಟ್ಟಿನಲ್ಲಿ ಈ ಕೆಲಸ ನಡೆಯಿತು. ಶತ್ರುದೇಶದ ಬೆಳೆ ನಾಶಮಾಡಲು ಇದನ್ನು ಬಳಸಬಹುದೆಂದು ಷಿಕಾಗೊ ವಿಶ್ವವಿದ್ಯಾಲಯದ ಎಜ್ರಾ ಕ್ರಾಸ್ ಸೂಚಿಸಿದ್ದರು. ಯುದ್ಧ ಮುಗಿಯಿತು, ಬಳಕೆಯಾಗಲಿಲ್ಲ. ಆದರೆ 1944ರಲ್ಲೇ ಅಮೆರಿಕದ ಕೃಷಿ ಇಲಾಖೆಯ ಮಾರ್ತ್ ಮತ್ತು ಮಿಚೆಲ್ ಎಂಬ ಇಬ್ಬರು ವಿಜ್ಞಾನಿಗಳು 2,4-ಡಿ ಎಂಬ ಆ ವಸ್ತುವನ್ನು ಹುಲ್ಲುಹಾಸಿನ ಮೇಲೆ ಪರೀಕ್ಷಿಸಿ ಪ್ರಕಟಿಸಿದ್ದರು. ಹಳದಿ ಹೂವಿನ ಡ್ಯಾಂಡೆಲಿಯನ್ ಸತ್ತಿತು, ಸುತ್ತಲಿನ ಹುಲ್ಲು ಉಳಿಯಿತು. 1945ರಲ್ಲಿ ವೀಡೋನ್ ಎಂಬ ಹೆಸರಿನಲ್ಲಿ ಅದು ಅಂಗಡಿಗೆ ಬಂತು.

ಇದು ಸಣ್ಣ ಸಾಧನೆಯಲ್ಲ. ಅಲ್ಲಿಯವರೆಗಿನ ಕಳೆನಾಶಕಗಳಲ್ಲಿ ಹೆಚ್ಚಿನವು ಬಿದ್ದ ಕಡೆಯೆಲ್ಲ ಸುಡುವಂಥವು. ಇದು ಆಯ್ದು ಕೊಲ್ಲುತ್ತಿತ್ತು. ಅಗಲ ಎಲೆಯ ಗಿಡಕ್ಕೂ ಹುಲ್ಲಿಗೂ ಮೈಕಟ್ಟಿನಲ್ಲೇ ವ್ಯತ್ಯಾಸವಿದೆ. ಹುಲ್ಲಿನ ಎಲೆ ಕಿರಿದು, ನೆಟ್ಟಗೆ ನಿಂತಿರುತ್ತದೆ, ಅದರ ಮೇಲೆ ದ್ರಾವಣ ಹೆಚ್ಚು ನಿಲ್ಲುವುದಿಲ್ಲ. ಅದರ ಬೆಳೆಯುವ ತುದಿ ಬುಡದಲ್ಲಿ ಎಲೆಗಳ ಮರೆಯಲ್ಲಿರುತ್ತದೆ. ಒಳಗೆ ಸೇರಿದ 2,4-ಡಿಯನ್ನು ಹುಲ್ಲು ಬೇಗ ಕಟ್ಟಿಹಾಕಿ ನಿರುಪದ್ರವಿ ಮಾಡಿಬಿಡುತ್ತದೆ. ಗೋಧಿ, ಭತ್ತ, ಕಬ್ಬು, ರಾಗಿ ಎಲ್ಲವೂ ಹುಲ್ಲಿನ ಕುಲದವೇ ಆದ್ದರಿಂದ ಜಗತ್ತಿನ ಧಾನ್ಯದ ಹೊಲಗಳಿಗೆ ಇದು ವರವಾಗಿ ಕಂಡಿತು. ನಮ್ಮ ದೇಶದಲ್ಲೂ ಇಂದಿಗೂ ಬಳಕೆಯಲ್ಲಿದೆ.

ಇದೇ 2,4-ಡಿಯನ್ನು 2,4,5-ಟಿ ಎಂಬ ಅದರ ದಾಯಾದಿಯ ಜೊತೆ ಸಮನಾಗಿ ಬೆರೆಸಿದ್ದೇ ವಿಯೆಟ್ನಾಮ್ ಯುದ್ಧದ ಏಜೆಂಟ್ ಆರೆಂಜ್. ಅಲ್ಲಿ ತಲೆಮಾರುಗಳನ್ನು ಕಾಡಿದ ಡಯಾಕ್ಸಿನ್ ವಿಷ 2,4,5-ಟಿಯ ತಯಾರಿಕೆಯಲ್ಲಿ ಹುಟ್ಟಿದ ಕಲ್ಮಶ. ಮನೆ ಮುಂದಿನ ಹುಲ್ಲಿಗೆ ಹಾಕುವ 2,4-ಡಿಯನ್ನು ಅದರೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ, ಆದರೆ ಎರಡೂ ಒಂದೇ ಮನೆತನದವು ಎಂಬುದನ್ನು ಮರೆಯುವಂತೆಯೂ ಇಲ್ಲ.

ಹುಲ್ಲುಹಾಸಿನಲ್ಲಿ ಮುಂದೆ ಆದದ್ದು ಹೀಗೆ. ಔಷಧಿಗೆ ಕಳೆ ಯಾವುದು, ನಾವಾಗಿ ಬಿತ್ತಿದ್ದು ಯಾವುದು ಎಂಬುದು ಗೊತ್ತಿಲ್ಲ, ಅಗಲ ಎಲೆ ಮಾತ್ರ ಗೊತ್ತು. ಹಾಗಾಗಿ 2,4-ಡಿ ಮತ್ತು ಅದರ ಹಿಂದೆ ಬಂದ ಬಂಧುಗಳ ದೆಸೆಯಿಂದ ಡ್ಯಾಂಡೆಲಿಯನ್ ಜೊತೆ ಕ್ಲೋವರ್ ಕೂಡ ಹೋಯಿತು. ಕ್ಲೋವರನ್ನು ಉಳಿಸಿ ಡ್ಯಾಂಡೆಲಿಯನ್ ಕೊಲ್ಲುವುದು ಕಷ್ಟ, ಆದ್ದರಿಂದ ಕ್ಲೋವರನ್ನೇ ಕಳೆಯೆಂದು ಕರೆಯುವುದು ಸುಲಭವಾಯಿತು. ಬೀಜದ ಪೊಟ್ಟಣದಲ್ಲಿದ್ದದ್ದು ಔಷಧಿ ಡಬ್ಬಿಯ ಮೇಲಿನ ಕಳೆಗಳ ಪಟ್ಟಿಗೆ ಸೇರಿತು. ಅದು ಬಿಟ್ಟಿಯಾಗಿ ಕೊಡುತ್ತಿದ್ದ ಸಾರಜನಕವನ್ನು ಇನ್ನು ಮೂಟೆಯಲ್ಲಿ ತರಬೇಕಾಯಿತು. ಅಗಲ ಎಲೆಯವು ಹೋದ ಮೇಲೆ ಉಳಿದದ್ದು ಹುಲ್ಲು ಮಾತ್ರ. ಆಗ ಎದ್ದು ಕಂಡ ಹೊಸ ಶತ್ರುವೂ ಹುಲ್ಲೇ.

ಅದರ ಹೆಸರು ಕ್ರ್ಯಾಬ್‌ಗ್ರಾಸ್. ಏಡಿಯ ಕಾಲುಗಳಂತೆ ನಾಲ್ಕೂ ಕಡೆ ಚಾಚಿ ನೆಲಕ್ಕೆ ಅಂಟಿಕೊಂಡು ಹಬ್ಬುವ ಹುಲ್ಲು. ವಸಂತದಲ್ಲಿ ಮೊಳೆತು, ಬೇಸಿಗೆಯಲ್ಲಿ ಮೆರೆದು, ಸಾವಿರಾರು ಬೀಜ ಚೆಲ್ಲಿ, ಚಳಿ ಬಿದ್ದೊಡನೆ ಸತ್ತು ಕಂದು ಕಲೆಯಾಗುತ್ತದೆ. ಒಂದು ಕಾಲದಲ್ಲಿ ಜರ್ಮನಿ, ಪೋಲೆಂಡುಗಳ ಬಡವರು ಇದರ ಕಾಳನ್ನು ಗಂಜಿಗೆ ಬಳಸುತ್ತಿದ್ದರು. ಇದೇ ಡಿಜಿಟೇರಿಯಾ ಕುಲದ ಫೋನಿಯೊ ಪಶ್ಚಿಮ ಆಫ್ರಿಕದಲ್ಲಿ ಇವತ್ತಿಗೂ ಮುಖ್ಯ ಸಿರಿಧಾನ್ಯ. ನಮ್ಮ ಖಾಸಿ ಬೆಟ್ಟಗಳಲ್ಲಿ ಬೆಳೆಯುವ ರೈಶಾನ್ ಕೂಡ ಇದೇ ಕುಲದ್ದು. ಹಾಗೆಂದು ಲೆವಿಟ್‌ಟೌನಿನ ಗೃಹಸ್ಥನಿಗೆ ಸಮಾಧಾನವಾಗುವುದಿಲ್ಲ. ಅವನ ಕಣ್ಣಿಗೆ ಅದು ಪಕ್ಕದ ಮನೆಯವರ ಮುಂದೆ ತಲೆತಗ್ಗಿಸುವ ವಿಷಯ.

ಕಷ್ಟ ಶುರುವಾದದ್ದು ಇಲ್ಲಿ. ಡ್ಯಾಂಡೆಲಿಯನ್‌ಗೂ ಹುಲ್ಲಿಗೂ ಇರುವ ದೂರ ದೊಡ್ಡದು. ಕ್ರ್ಯಾಬ್‌ಗ್ರಾಸಿಗೂ ಕೆಂಟಕಿ ಬ್ಲೂಗ್ರಾಸಿಗೂ ಇರುವ ದೂರ ಚಿಕ್ಕದು. ಒಂದೇ ಕುಟುಂಬದ ಇಬ್ಬರಲ್ಲಿ ಒಬ್ಬನನ್ನು ಮಾತ್ರ ಕೊಲ್ಲುವ ವಿಷವನ್ನು ಎಲ್ಲಿಂದ ತರುವುದು? ಮೊದಲು ಕೈಗೆ ಸಿಕ್ಕಿದ್ದು ಹಳೆಯ ವಿಷಗಳೇ. ಸೀಸ ಮತ್ತು ಪಾಷಾಣ ಕೂಡಿದ ಲೆಡ್ ಆರ್ಸೆನೇಟ್, ಪಾದರಸವಿರುವ ಫಿನೈಲ್ ಮರ್ಕ್ಯುರಿಕ್ ಅಸಿಟೇಟ್, ಆಮೇಲೆ ಸಾವಯವ ಆರ್ಸೆನಿಕ್ ಸಂಯುಕ್ತಗಳು. ಇವುಗಳ ಆಯ್ಕೆಯ ಶಕ್ತಿ ಸೂಕ್ಷ್ಮವಾದದ್ದಲ್ಲ. ಪ್ರಮಾಣ ಸರಿಯಾಗಿದ್ದರೆ ಎಳೆಯ ಕ್ರ್ಯಾಬ್‌ಗ್ರಾಸ್ ಸಾಯುತ್ತದೆ, ಬಲಿತ ಹುಲ್ಲು ಸ್ವಲ್ಪ ಸುಟ್ಟು ಚೇತರಿಸಿಕೊಳ್ಳುತ್ತದೆ. ಅಷ್ಟೇ. ಮಕ್ಕಳು ಬರಿಗಾಲಲ್ಲಿ ಓಡಾಡುವ ಅಂಗಳಕ್ಕೆ ಸೀಸ, ಪಾಷಾಣ, ಪಾದರಸ ಸುರಿಯುವುದು ಆಗ ತೋಟಗಾರಿಕೆಯ ಮಾಮೂಲು ಸಲಹೆಯಾಗಿತ್ತು. 1962ರಲ್ಲಿ ರೇಚಲ್ ಕಾರ್ಸನ್ ತಮ್ಮ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕದಲ್ಲಿ ಈ ಕ್ರ್ಯಾಬ್‌ಗ್ರಾಸ್ ಗೀಳನ್ನೂ ಪ್ರಸ್ತಾಪಿಸಿದರು. ಆ ಹುಲ್ಲು ರೋಗವಲ್ಲ, ಮಣ್ಣು ಸೊರಗಿರುವುದರ ಲಕ್ಷಣ ಎಂಬುದು ಅವರ ವಾದ. ಸಾವಯವ ಆರ್ಸೆನಿಕ್ ಕಳೆನಾಶಕಗಳು ಅಮೆರಿಕದ ಮನೆಯಂಗಳಗಳಿಂದ ಹೊರಗೆ ಹೋಗಲು 2009ರ ಒಪ್ಪಂದ ಬರಬೇಕಾಯಿತು.

1950ರ ದಶಕದ ಕೊನೆಗೆ ರಸಾಯನಶಾಸ್ತ್ರಜ್ಞರು ಜಾಣ ದಾರಿಯೊಂದನ್ನು ಕಂಡುಕೊಂಡರು. ಎರಡು ಹುಲ್ಲುಗಳ ಮೈಯಲ್ಲಿ ವ್ಯತ್ಯಾಸ ಸಿಗದಿದ್ದರೆ ವಯಸ್ಸಿನಲ್ಲಿ ಹುಡುಕೋಣ ಎಂಬುದು ಆ ದಾರಿ. ಬ್ಲೂಗ್ರಾಸ್ ವರ್ಷಾನುಗಟ್ಟಲೆ ಬದುಕುತ್ತದೆ, ಅದರ ಬೇರು ಆಳದಲ್ಲಿದೆ. ಕ್ರ್ಯಾಬ್‌ಗ್ರಾಸ್ ಪ್ರತಿ ವರ್ಷ ಬೀಜದಿಂದ ಹೊಸದಾಗಿ ಹುಟ್ಟಬೇಕು. ಮಣ್ಣಿನ ಮೇಲ್ಪದರದಲ್ಲಿ ಮಾತ್ರ ನಿಲ್ಲುವ, ಬೇರಿನ ತುದಿಯಲ್ಲಿ ಜೀವಕೋಶ ಒಡೆದು ಎರಡಾಗುವುದನ್ನು ತಡೆಯುವ ವಸ್ತುವೊಂದನ್ನು ವಸಂತದ ಮೊದಲಲ್ಲೇ ಚೆಲ್ಲಿಬಿಟ್ಟರೆ, ಮೊಳಕೆ ಆ ಪದರದಲ್ಲೇ ಮುಗಿಯುತ್ತದೆ, ಹಳೆಯ ಹುಲ್ಲಿಗೆ ಬಿಸಿ ತಟ್ಟುವುದಿಲ್ಲ. ಹಳದಿ ಹೂವಿನ ಫಾರ್ಸಿಥಿಯಾ ಪೊದೆ ಅರಳಿದಾಗ ಔಷಧಿ ಹಾಕಿ ಎಂದು ಅಮೆರಿಕದಲ್ಲಿ ಹೇಳುವುದು ಇದಕ್ಕೇ. ಮಣ್ಣಿನ ಉಷ್ಣಾಂಶ ಸುಮಾರು 13 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಬೀಜ ಮೊಳೆಯತೊಡಗುತ್ತದೆ, ಅದಕ್ಕಿಂತ ಮೊದಲೇ ಪದರ ಸಿದ್ಧವಿರಬೇಕು. ಮಳೆ ನಕ್ಷತ್ರ ನೋಡಿ ಬಿತ್ತುವ ನಮ್ಮವರಂತೆ ಅವರು ಹೂವು ನೋಡಿ ವಿಷ ಬಿತ್ತಿದರು. ಡಿಸಿಪಿಎ ಈ ವರ್ಗದ ಮೊದಲಿಗರಲ್ಲಿ ಒಂದು. ಟ್ರೈಫ್ಲುರಲಿನ್, ಪೆಂಡಿಮೆಥಾಲಿನ್ ಆಮೇಲೆ ಬಂದವು.

ಹುಟ್ಟಿದ ಮೇಲೂ ಕೊಲ್ಲುವ ಔಷಧಿಗಳು ನಂತರ ಬಂದವು. ಅವುಗಳಲ್ಲೊಂದರ ಕಥೆ ಬೆಂಗಳೂರಿನವರಿಗೆ ಹಿತವಾಗಬಹುದು. ಅಲ್ಲಿನ ಪಾರ್ಕುಗಳಲ್ಲಿ ಕೆಂಪು ಕುಂಚದಂತೆ ಹೂಬಿಡುವ ಬಾಟಲ್‌ಬ್ರಷ್ ಮರ ಇದೆಯಲ್ಲ, ಅದರ ಬುಡದಲ್ಲಿ ಕಳೆ ಕಡಿಮೆ ಎಂಬುದನ್ನು 1977ರಲ್ಲಿ ಕ್ಯಾಲಿಫೋರ್ನಿಯದ ವಿಜ್ಞಾನಿಯೊಬ್ಬರು ಗಮನಿಸಿದರು. ಆ ಮರದ ವಸ್ತುವಿನ ಜಾಡು ಹಿಡಿದು ತಯಾರಾದದ್ದೇ ಮೆಸೊಟ್ರಿಯೋನ್. ಅದು ತಗಲಿದ ಕ್ರ್ಯಾಬ್‌ಗ್ರಾಸ್ ಹಸಿರು ಕಳೆದುಕೊಂಡು ಬೆಳ್ಳಗಾಗಿ ಸಾಯುತ್ತದೆ. ಬ್ಲೂಗ್ರಾಸ್ ಅದನ್ನು ಜೀರ್ಣಿಸಿಕೊಳ್ಳುತ್ತದೆ.

ಇಷ್ಟಾದರೂ ಹುಲ್ಲು ಸೋಲಲಿಲ್ಲ. ಗೂಸ್‌ಗ್ರಾಸ್ ಎಂಬ ಇನ್ನೊಂದು ಹುಲ್ಲು ಟ್ರೈಫ್ಲುರಲಿನ್‌ಗೆ ಜಗ್ಗದೆ ನಿಂತದ್ದು ದಕ್ಷಿಣ ಕ್ಯಾರೊಲಿನಾದ ಹತ್ತಿ ಹೊಲಗಳಲ್ಲಿ. ಅದು ವರದಿಯಾದದ್ದು 1984ರಲ್ಲಿ. ಜೀವಕೋಶ ಒಡೆಯಲು ಬೇಕಾದ ಪ್ರೋಟೀನಿನಲ್ಲಿ ಒಂದೇ ಒಂದು ಕೊಂಡಿ ಬದಲಾದರೂ ಆ ವಿಷ ಅಲ್ಲಿ ಅಂಟುವುದಿಲ್ಲ ಎಂಬುದು 1998ರಲ್ಲಿ ಗೊತ್ತಾಯಿತು. ನಮ್ಮಲ್ಲೂ ಇಂಥದ್ದೇ ಆಗಿದೆ. ಪಂಜಾಬ್, ಹರಿಯಾಣಗಳ ಗೋಧಿ ಹೊಲದಲ್ಲಿ ಗೋಧಿಯಂತೆಯೇ ಕಾಣುವ ಗುಲ್ಲಿಡಂಡಾ ಎಂಬ ಹುಲ್ಲು ಇದೆ. ಐಸೊಪ್ರೊಟ್ಯುರಾನ್ ಎಂಬ ಕಳೆನಾಶಕಕ್ಕೆ ಅದು 1990ರ ದಶಕದ ಆರಂಭದಲ್ಲಿ ಬಗ್ಗದೆ ನಿಂತು ರೈತರನ್ನು ಕಂಗೆಡಿಸಿತು. ಹುಲ್ಲಿನೊಳಗೆ ಹುಲ್ಲನ್ನು ಹುಡುಕುವ ಆಟದಲ್ಲಿ ವ್ಯತ್ಯಾಸದ ಎಳೆ ತೀರ ತೆಳುವು, ಅದು ಬೇಗ ಹರಿಯುತ್ತದೆ.

ಈ ಗೂಸ್‌ಗ್ರಾಸ್ ಯಾರು ಗೊತ್ತೆ? ಅದರ ಶಾಸ್ತ್ರೀಯ ಹೆಸರು ಎಲ್ಯೂಸಿನ್ ಇಂಡಿಕಾ. ನಮ್ಮ ರಾಗಿ ಎಲ್ಯೂಸಿನ್ ಕೊರಕಾನಾ. ರಾಗಿ ಆಫ್ರಿಕದ ಎತ್ತರದ ನಾಡುಗಳಲ್ಲಿ ಪಳಗಿ ನಮ್ಮಲ್ಲಿಗೆ ಬಂದ ಧಾನ್ಯ. ಅದರ ವಂಶವಾಹಿಯ ಅರ್ಧ ಭಾಗ ಈ ಗೂಸ್‌ಗ್ರಾಸಿನ ಕಡೆಯಿಂದ ಬಂದದ್ದೆಂದು ತಳಿವಿಜ್ಞಾನಿಗಳು ಗುರುತಿಸಿದ್ದಾರೆ. ಭಾರತ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟ ಮಂಡ್ಯದ ಸಿ.ಎಚ್. ಲಕ್ಷ್ಮಣಯ್ಯನವರನ್ನು ನಾವು ರಾಗಿ ಬ್ರಹ್ಮ ಎಂದು ಕರೆಯುತ್ತೇವೆ. ಅದೇ ಮನೆತನದ ಒಂದು ಹುಲ್ಲು ಗಾಲ್ಫ್ ಮೈದಾನಗಳ ಕಳೆ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿದೆ.

ರಾಗಿ ಹೊಲದಲ್ಲೂ ಅದು ಕಳೆಯೇ, ಇದನ್ನು ಮುಚ್ಚಿಡಬೇಕಿಲ್ಲ. ಎಳೆಯದರಲ್ಲಿ ಎರಡನ್ನೂ ಬೇರೆ ಮಾಡುವುದು ಕಷ್ಟ. ನಮ್ಮವ್ವನಂಥವರು ಎರಡು ಗುರುತು ಹಿಡಿಯುತ್ತಿದ್ದರು. ನೆಲಕ್ಕೆ ಒರಗಿ ಹರಡಿ, ಬುಡ ಚಪ್ಪಟೆಯಾಗಿ ಬಿಳಿಚಿಕೊಂಡಿದ್ದರೆ ಅದು ಹುಲ್ಲು. ಕೂರಿಗೆಯ ಸಾಲು ಬಿಟ್ಟು ಹುಟ್ಟಿದ್ದರೆ ಅದಂತೂ ಹುಲ್ಲೇ. ಸಾಲಿನ ನಡುವೆ ಕುಂಟೆ ಹೊಡೆದು, ಸಾಲಿನೊಳಗಿನದನ್ನು ಕೈಯಲ್ಲಿ ಕೀಳುವುದು. ಈ ಕೆಲಸ ಹೆಚ್ಚಾಗಿ ಹೆಂಗಸರದ್ದು. ಬೆಳಗ್ಗೆ ಬಗ್ಗಿದ ಸೊಂಟ ಊಟದ ಹೊತ್ತಿಗೆ ನೆಟ್ಟಗಾಗುತ್ತಿತ್ತು. ಆದ್ದರಿಂದ ಕಳೆನಾಶಕವೆಂದರೆ ಪಾಪ ಎಂದು ಊರುಬಿಟ್ಟು ಬಂದ ನಾನು ಪುಣೆಯಲ್ಲಿ ಕೂತು ಹೇಳಲಾರೆ. ಹೊಲದಲ್ಲಿ ಕಳೆ ತಿನ್ನುವುದು ಅನ್ನವನ್ನು. ಅಲ್ಲಿ ಲಾಭ ನಷ್ಟ ಎರಡನ್ನೂ ತೂಗಿ ನೋಡುವ ಅವಕಾಶವಾದರೂ ಇದೆ.

ಹುಲ್ಲುಹಾಸಿನಲ್ಲಿ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆ? 2005ರಲ್ಲಿ ಕ್ರಿಸ್ಟಿನಾ ಮಿಲೆಸಿ ಮತ್ತು ಸಂಗಡಿಗರು ಉಪಗ್ರಹ ಚಿತ್ರಗಳ ನೆರವಿನಿಂದ ಅಂದಾಜಿಸಿದಂತೆ ಅಮೆರಿಕದ ಹುಲ್ಲುಹಾಸಿನ ವಿಸ್ತೀರ್ಣ ಸುಮಾರು 1,63,800 ಚದರ ಕಿಲೋಮೀಟರ್. ಇಡೀ ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ನಮ್ಮ ರಾಜ್ಯದ ಬಹುಪಾಲನ್ನು ಮುಚ್ಚುವಷ್ಟು ನೆಲ, ಅದರಿಂದ ಒಂದು ಹಿಡಿ ಕಾಳೂ ಇಲ್ಲ. ಕೆನಡದ ಕ್ವಿಬೆಕ್ ಪ್ರಾಂತ್ಯದ ಹಡ್ಸನ್ ಎಂಬ ಪುಟ್ಟ ಪಟ್ಟಣ ಕೇಳಿದ್ದು ಇದೇ ಪ್ರಶ್ನೆಯನ್ನು. ಜೂನ್ ಇರ್ವಿನ್ ಎಂಬ ಚರ್ಮರೋಗ ವೈದ್ಯೆ ವರ್ಷಗಳ ಕಾಲ ಪಟ್ಟಣಸಭೆಯಲ್ಲಿ ಪಟ್ಟು ಹಿಡಿದು ಕೂತ ಫಲವಾಗಿ, ಬರೀ ಅಂದಕ್ಕಾಗಿ ಕೀಟನಾಶಕ, ಕಳೆನಾಶಕ ಬಳಸುವುದನ್ನು ಹಡ್ಸನ್ 1991ರಲ್ಲಿ ನಿಷೇಧಿಸಿತು. ಹುಲ್ಲುಹಾಸು ಕಂಪನಿಗಳು ನ್ಯಾಯಾಲಯಕ್ಕೆ ಹೋದವು. 2001ರಲ್ಲಿ ಕೆನಡದ ಸುಪ್ರೀಂ ಕೋರ್ಟ್ ಪಟ್ಟಣದ ಪರವಾಗಿ ತೀರ್ಪು ಕೊಟ್ಟಿತು. ಮುಂದೆ ಕ್ವಿಬೆಕ್, ಒಂಟಾರಿಯೊ ಪ್ರಾಂತ್ಯಗಳೂ ಅದೇ ಹಾದಿ ಹಿಡಿದವು.

ಆ ತೀರ್ಪಿನ ಬೆಳಕಿನಲ್ಲಿ ಡಿಸಿಪಿಎ ಕಥೆಯ ತಾರೀಕುಗಳನ್ನು ನೋಡಿ. 1958ರಲ್ಲಿ ನೋಂದಣಿ. ಥೈರಾಯ್ಡ್ ಸೇರಿದಂತೆ ಹೆಚ್ಚಿನ ಅಧ್ಯಯನಗಳನ್ನು ಸಲ್ಲಿಸಿ ಎಂದು ತಯಾರಕರನ್ನು ಕೇಳಿದ್ದು 2013ರಲ್ಲಿ. ಭ್ರೂಣದ ಥೈರಾಯ್ಡ್ ಕುರಿತ ಅಧ್ಯಯನ ಕೈಸೇರಿದ್ದು 2022ರಲ್ಲಿ. ಹುಲ್ಲುಹಾಸಿನ ಬಳಕೆ ಕೈಬಿಟ್ಟದ್ದು 2023ರ ಕೊನೆಗೆ. ಪೂರ್ತಿ ತಡೆ 2024ರಲ್ಲಿ. ಆರು ದಶಕಗಳಿಗೂ ಹೆಚ್ಚು ಕಾಲ. ಈ ಅವಧಿಯಲ್ಲಿ ಈ ವಸ್ತುವಿಗೆ ಹೆಚ್ಚು ಹತ್ತಿರ ಇದ್ದವರು ಅದನ್ನು ಎರಚಿದವರು, ಎರಚಿದ ಹೊಲದಲ್ಲಿ ಮರುದಿನ ಕೆಲಸಕ್ಕಿಳಿದ ಕೂಲಿ ಹೆಂಗಸರು. ಅಂಗಳದ ಒಡೆಯನ ನಾಚಿಕೆ ತಪ್ಪಿಸಲು ಹುಟ್ಟಿದ ವಸ್ತುವಿನ ಭಾರ ಬಿದ್ದದ್ದು ಅವರ ಹೊಟ್ಟೆಯೊಳಗಿನ ಮಕ್ಕಳ ಮೇಲೆ.

ನಮ್ಮ ನಗರಗಳಲ್ಲೂ ಲಾನುಗಳು ಹೆಚ್ಚುತ್ತಿವೆ, ಅದಕ್ಕೇ ಇಷ್ಟು ಹೇಳಿದೆ. ನಮ್ಮ ಸೊಸೈಟಿಯಲ್ಲಿ ‘ಮೆಕ್ಸಿಕನ್ ಲಾನ್’ ಎಂದು ಹಾಸಿದ ಹುಲ್ಲಿನ ನಡುವೆ ಗರಿಕೆ ನುಸುಳಿದರೆ ಮಾಲಿ ಕಿತ್ತು ಗುಡ್ಡೆ ಹಾಕುತ್ತಾನೆ. ಭಾದ್ರಪದ ಬಂದಾಗ ಅದೇ ಗರಿಕೆಯನ್ನು ‘ದೂರ್ವಾ’ ಎಂದು ಜೂಡಿ ಲೆಕ್ಕದಲ್ಲಿ ದುಡ್ಡು ಕೊಟ್ಟು ತಂದು ಗಣಪನಿಗೆ ಏರಿಸುತ್ತೇವೆ. ಗರಿಕೆಗೆ ಇಂಗ್ಲಿಷಿನಲ್ಲಿ ಬರ್ಮುಡಾ ಗ್ರಾಸ್ ಎಂದು ಹೆಸರು, ಆದರೆ ಅದರ ಮೂಲ ಬರ್ಮುಡಾ ಅಲ್ಲ. ಅಮೆರಿಕದ ದಕ್ಷಿಣದಲ್ಲಿ ಅದೇ ಲಾನು, ಉತ್ತರದಲ್ಲಿ ಅದೇ ಕಳೆ. ಅದನ್ನು ಕಳೆಯೆನ್ನುವ ಕೆಂಟಕಿ ಬ್ಲೂಗ್ರಾಸ್ ಕೂಡ ಕೆಂಟಕಿಯದಲ್ಲ, ಯುರೋಪಿನಿಂದ ಹೋದದ್ದು. ಯಾವ ಹುಲ್ಲು ಸ್ಥಳೀಯ, ಯಾವುದು ಹೊರಗಿನದು ಎಂಬ ಚರ್ಚೆಯಲ್ಲಿ ಮೊದಲು ಬಂದವರಿಗಿಂತ ನಿಯಮ ಬರೆದವರ ಮಾತೇ ನಡೆಯುತ್ತದೆ. ಪರನಾಡಿನಲ್ಲಿ ಬದುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸೊಸೈಟಿಯ ಸಭೆಯಲ್ಲಿ ಲಾನಿಗೆ ಔಷಧಿ ಹೊಡೆಸುವ ಮಾತು ಬಂದರೆ ಕೇಳಬಹುದಾದ ಪ್ರಶ್ನೆಗಳು ಸರಳ. ಏನು ಹೊಡೆಯುತ್ತಾರೆ, ಡಬ್ಬಿಯ ಮೇಲಿನ ಚೀಟಿ ಓದಿದವರು ಯಾರು, ಹೊಡೆಯುವವನಿಗೆ ಕೈಗವಸು ಇದೆಯೇ, ಮಕ್ಕಳು ಎಷ್ಟು ದಿನ ಅಲ್ಲಿ ಆಡಬಾರದು, ಇಷ್ಟಕ್ಕೂ ಆ ಹುಲ್ಲು ಯಾರಿಗೆ ಏನು ಮಾಡಿದೆ. ಹುಲ್ಲನ್ನು ಬೋಳಿಸಿದಂತೆ ಕತ್ತರಿಸದೆ ಮೂರು ಅಂಗುಲ ಉಳಿಸಿದರೆ ಅದರ ನೆರಳಿಗೇ ಎಷ್ಟೋ ಕಳೆಬೀಜ ಮೊಳೆಯುವುದಿಲ್ಲ. ಅದಕ್ಕೆ ಯಾವ ಡಬ್ಬಿಯೂ ಬೇಡ, ಕತ್ತರಿಸುವ ಯಂತ್ರದ ಚಕ್ರವನ್ನು ಒಂದು ಮೆಟ್ಟಿಲು ಎತ್ತರಿಸಿದರೆ ಸಾಕು.